ಕಾಟಾ ಚೀಟಿ

ಧೊಂಡ್ಯಾಮಳದ ಗುಡ್ಡದ ಬುಡಕ್ಕ, ತಗಡಿನ ಖೋಲ್ಯಾಗ
ಹನ್ನೊಂದು ವರ್ಷ ಲಾರಿ ತೂಗೀನಿ ನಾನು.
ಖಾಲಿ ಹತ್ತತಿದ್ವು, ತುಂಬಿ ಇಳೀತಿದ್ವು.
ತುಂಬಿದ್ದರಾಗ ಖಾಲೀದು ಕಳದರ ಉಳಿಯೋದು ಗುಡ್ಡ.
ಅದನ್ನ ಬರದು ಸಹಿ ಹಾಕೋದು ನನ್ನ ನೌಕರಿ.

ಮೊದಮೊದಲು ಗುಡ್ಡ ಕಿಡಕ್ಯಾಗ ಕಾಣತಿತ್ತು.
ಆಮ್ಯಾಲ ಅದರ ಭುಜ ಅಷ್ಟ.
ಈಗ ಕಿಡಕಿ ತುಂಬ ಆಕಾಶ.
ಸಾಹೇಬ್ರು ಅಂತಾರ: ಬೆಳಕು ಚಲೋ ಬರತೈತಿ ನಿನಗ.

ಶೆವ್ತೂ ವೇಳಿಪ ಬಂದದ್ದು
ಮಳಿಗಾಲ ಮುಗಿದು ಲಾರಿ ಶುರುವಾದ ಮೊದಲ ಸೋಮವಾರ.
ಮೊಳಕಾಲ ಮ್ಯಾಲ ಕಟ್ಟಿದ ಚೌಕಳಿ ಸೀರಿ, ತಲೀ ಮ್ಯಾಲ ಬಿದಿರಬುಟ್ಟಿ,
ಎರಡು ಟಿಪ್ಪರಿನ ನಡುವ ಪಾಳಿ ಹಚ್ಚಿದ್ಳು.
ಹಿಂದಿನ ಡ್ರೈವರ್ ಹಾರ್ನ್ ಹೊಡದ, ಹೊಡದ,
ಆಕಿ ತಿರುಗಿ ನೋಡಲಿಲ್ಲ.
ಬುಟ್ಟ್ಯಾಗ ಕೆಂಪು ರಾಡಿ.

"ತುಮ್ಚೆಂ," ಅಂದ್ಳು. ನಿಮ್ಮದು.
"ಮಳ್ಯಾಗ ಇಳದು ನಮ್ಮ ಭತ್ತದ ಮ್ಯಾಲ ಕುಂತೈತಿ.
ತಂದೀನಿ. ತೂಗು. ಮುಟ್ಟಿತು ಅಂತ ಬರದು ಕೊಡು."

ನಗಬೇಕಿತ್ತು ನಾನು. ನಕ್ಕಿದ್ರ ಸುಲಭ ಆಗತಿತ್ತು.
ಬಾಯಾಗ ಬಂದದ್ದು ಬ್ಯಾರೆ:
ಬುಟ್ಟಿ ಇಳಿಸಬ್ಯಾಡವ್ವ, ಹಂಗ ನಿಂದ್ರು.

ಅರವತ್ತು ಟನ್ನಿನ ಕಬ್ಬಿಣದ ಹಾಸು. ಬರಿಗಾಲು.
ಕೆಂಪು ಅಂಕಿ ಸೊನ್ನಿಯೊಳಗ ಅಳ್ಳಾಡಿ ಅರವತ್ತು ಕಿಲೋಕ್ಕ ನಿಂತ್ವು.
ಬುಟ್ಟಿ ಬದಿಗಿಟ್ಟು ಮತ್ತ ಹತ್ತಿದ್ಳು: ನಾಲ್ವತ್ತು.
ಈ ಕಾಟಾಕ್ಕ ಇಪ್ಪತ್ತಕ್ಕಿಂತ ಸಣ್ಣ ಲೆಕ್ಕ ಗೊತ್ತಿಲ್ಲ.

ವಾಹನ ಸಂಖ್ಯೆ? ಕೇಳ್ತು ಕಂಪ್ಯೂಟರ್. ಬಿಟ್ರ ಮುಂದ ಹೋಗೂದಿಲ್ಲ.
ಶೆವ್ತೂ, ಅಂತ ಒತ್ತಿದೆ.
ಮಾಲು? ಗದ್ದಿ ರಾಡಿ ಪಟ್ಟ್ಯಾಗ ಇರಲಿಲ್ಲ, "ಇತರೆ" ಅಂತ ಹಾಕಿದೆ.
ಎಲ್ಲಿಗೆ? ಅದಕ್ಕ ಗೊತ್ತಿರೋದು ಒಂದ ಜಾಗಾ, ಹೊಳೀದಂಡಿ ಜೆಟ್ಟಿ.
ಹೂಂ ಅಂದೆ.

ಚೀಟಿ ಬರೂತನಕ ಕಿಡಕಿ ಕಟ್ಟಿಗೆ ಮೊಳಕೈ ಊರಿ ಮಾತಾಡಿದ್ಳು,
ಯಾರಿಗೂ ಅಲ್ಲ ಅನ್ನೂವಂಗ:
ಮನಿ ಹಿಂದಿನ ಝರಿ ಹೋದ ಚೈತ್ರದಾಗ ನಿಂತಿತು,
ಈಗ ಟ್ಯಾಂಕರ್ ಬರತೈತಿ, ಹೊಟ್ಟಿ ಮ್ಯಾಲ ಕಂಪನಿ ಹೆಸರು ಬರಕೊಂಡು,
ನಮ್ಮ ನೀರ ನಮಗ ದಾನ.
ಧಿಲ್ಲೊ ಕಟ್ಟಾಕ ಹುಡುಗ್ಯಾರು ಮಣ್ಣು ಹುಡುಕತಾರ,
ಈ ರಾಡಿ ಕೈಯಾಗ ನಿಂದ್ರೂದಿಲ್ಲ, ಒಣಗಿದ್ರ ಒಡೀತೈತಿ.
ಅಳಿಯ ಟಿಪ್ಪರ್ ಹೊಡೀತಾನ. ನಿನ್ನ ಮುಂದ ದಿನಾ ಹೋಗತಾನ.
ಅವನ ಮಗಳು ಕೆಮ್ಮತಾಳ.

ನಮ್ಮಪ್ಪನ ಟ್ರಂಕಿನ್ಯಾಗೂ ಒಂದು ಚೀಟಿ ಐತಿ,
ಆಲಮಟ್ಟಿ ಹಿನ್ನೀರಿಗೆ ಹೋದ ನಾಕು ಎಕರೇದು.
ಓದಾಕ ಬರದಿದ್ರೂ ತಗದು ತಗದು ಮಡಚಿ,
ಮಡಿಕಿ ಇದ್ದಲ್ಲೇ ಸರ್ವೇ ನಂಬರ್ ಹರದೈತಿ.
ಆಕಿಗೆ ಇದನ್ನ ಹೇಳಲಿಲ್ಲ.
ಕೊಂಕಣಿಯಾಗ ಹಿನ್ನೀರಿಗೆ ಏನಂತಾರ, ಗೊತ್ತಿರಲಿಲ್ಲ.

ನಿವ್ವಳ ಇಪ್ಪತ್ತು. ಸಹಿ. ಶಿಕ್ಕಾ.
ಚೀಟಿ ತಿರುವಿ ನೋಡಿ, ಮೂಸಿ, ಸೆರಗಿನ ಗಂಟಿಗೆ ಹಾಕಿ,
ರಾಡಿ ಹಾಸಿನ ಬದಿಗೆ ಸುರುವಿ ಬುಟ್ಟಿ ಝಾಡಿಸಿ ಹೋದ್ಳು.

ಮರುದಿನ ಹದಿನೇಳು ಬುಟ್ಟಿ.
ಬುಧವಾರ ಎಣಿಸಲಿಲ್ಲ. ರಸ್ತೆ ತುಂಬ ತಲಿ, ತಲಿ ಮ್ಯಾಲ ಕೆಂಪು,
ಅದರ ಹಿಂದ ಲಾರಿ, ಸಾಂಗೆ ತಿರುವಿನ ತನಕ.
ಕೊಲಾಸೊ ಸಾಹೇಬ್ರು ಫೋನಿನ್ಯಾಗ ಒದರಾಕ ಹತ್ತಿದ್ರು:
ಯಾರು ಕೊಟ್ಟಾರ ಇವರಿಗೆ ಚೀಟಿ? ಯಾರ ಸಹಿ ಅದು?

ಫೋನು ಮೇಜಿನ ಮ್ಯಾಲ ಬೋರಲ ಇಟ್ಟೆ.
ಹೊಸ ರೋಲ್ ಹಾಕಿದೆ.

ಮುಂದಿನ ಬುಟ್ಟಿ ಸಣ್ಣದು, ಹೊತ್ತಾಕಿ ಆರು ವರ್ಷದಾಕಿ.
ಹಾಸಿನ ಮ್ಯಾಲ ನಿಂತು ಕೆಮ್ಮಿದ್ಳು, ಅಂಕಿ ನಡುಗಿ ಇಪ್ಪತ್ತಾತು.
ಬುಟ್ಟಿ ಇಳಿಸಿದ್ಳು. ಇಪ್ಪತ್ತ ಉಳೀತು.
ನಿವ್ವಳ ಸೊನ್ನಿ, ಅಂತ ಬಂತು ಚೀಟಿ.
ಆಕಿ ಕೈ ಚಾಚಿ ನಿಂತಿದ್ಳು.

ಹರದು ಒಗದೆ ಅದನ್ನ.
ಪೆನ್ನು ತಗೊಂಡೆ.